ಡಾಕ್ಟರ ಮುಂದೆ ಮುಚ್ಚಿಡಬೇಡಿ



ಬರುವ ಗುರುವಾರ ನನ್ನ ಬಲಗಣ್ಣಿಗೆ ಪೊರೆಯ ಆಪರೇಷನ್. ನಮ್ಮ ವಯಸ್ಸಿನವರ ಮನೆಗಳಲ್ಲಿ ಇದೇನೂ ಹೊಸ ಸುದ್ದಿಯಲ್ಲ. ಆದರೆ ಆಪರೇಷನ್ನಿಗೆ ಮೊದಲು ಮಾಡಬೇಕಾದ ತಯಾರಿ ಇದೆಯಲ್ಲ, ಅದರಲ್ಲಿ ಅಜ್ಜ ಅಥವಾ ಅಜ್ಜಿಗಿಂತ ಹೆಚ್ಚು ಕೆಲಸ ಮೊಮ್ಮಕ್ಕಳದ್ದು. ಅದನ್ನೇ ಈ ವಾರ ಹೇಳುತ್ತೇನೆ.

ಮೊದಲು ಪೊರೆ ಎಂದರೇನು ಎಂದು ತಿಳಿಯೋಣ. ಅದು ಕಣ್ಣಿನ ಮೇಲೆ ಬೆಳೆಯುವ ಚರ್ಮವಲ್ಲ. ಪಾಪೆಯ ಹಿಂದೆ ಒಂದು ಪಾರದರ್ಶಕ ಮಸೂರವಿದೆ. ಚನ್ನಂಗಿ ಕಾಳಿಗೆ ಮಸೂರ ಎಂದೂ ಹೆಸರು. ಆಕಾರವೂ ಹಾಗೆಯೇ, ಎರಡೂ ಕಡೆ ಉಬ್ಬು. ವಯಸ್ಸಾದಂತೆ ಆ ಮಸೂರ ಮಂಜಾಗುತ್ತದೆ. ಮಂಜಾದದ್ದನ್ನು ತೆಗೆದು ಒಂದು ಕೃತಕ ಮಸೂರ ಇಡುತ್ತಾರೆ. ಇದನ್ನು ಮೊದಲು ಮಾಡಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರಲ್ಲಿ. ಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಒಡೆದು ಪೈಲಟ್‌ಗಳ ಕಣ್ಣಿಗೆ ಚುಚ್ಚಿಕೊಂಡಿತ್ತು. ಆ ಚೂರುಗಳು ಕಣ್ಣೊಳಗೆ ಸುಮ್ಮನಿದ್ದುದನ್ನು ನೋಡಿ ಅವರಿಗೆ ಈ ಉಪಾಯ ಹೊಳೆಯಿತು. ಅದಕ್ಕೆ ಮೊದಲು ಪೊರೆ ತೆಗೆದರೆ ಮುಗಿಯಿತು, ಬದುಕಿರುವವರೆಗೂ ಸೋಡಾಬುಡ್ಡಿ ಕನ್ನಡಕ. ನಮ್ಮ ಡಾ. ಎಂ.ಸಿ. ಮೋದಿ ಅವರು ಊರೂರಿಗೆ ಹೋಗಿ ಶಿಬಿರ ನಡೆಸಿ ಸಾವಿರಾರು ಬಡವರ ಪೊರೆ ತೆಗೆದ ಕಾಲದಲ್ಲಿ ಅಂಥ ಕನ್ನಡಕಗಳನ್ನು ನಾನೂ ಕಂಡಿದ್ದೇನೆ.

ಇನ್ನು ತಯಾರಿ. ಕಣ್ಣಿನ ಡಾಕ್ಟರು ಮೊದಲು ಕೇಳಿದ್ದು, "ಏನೇನು ಮಾತ್ರೆ ತಗೋತೀರಿ?" ಎಂದು. ಆರನೇ ಕ್ಲಾಸಿನ ಮೊಮ್ಮಗಳು ಮನೆಯಲ್ಲೇ ಪಟ್ಟಿ ಮಾಡಿದ್ದಳು. ಡಬ್ಬಿಯಲ್ಲಿದ್ದ ಪ್ರತಿ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು. ಬಿಪಿಗೆ ಒಂದು, ಸಕ್ಕರೆಗೆ ಎರಡು. ನಾಲ್ಕನೆಯದರ ಬಳಿ ನಿಂತು, "ಇದು ಯಾಕೆ ತಾತ?" ಎಂದಳು. ಅದು ಮೂತ್ರ ಸರಾಗವಾಗಲೆಂದು ಗಂಡಸರು ತೆಗೆದುಕೊಳ್ಳುವ ಮಾತ್ರೆ, ಟ್ಯಾಮ್ಸುಲೋಸಿನ್. ಮೊಮ್ಮಗಳಿಗೆ ಹೇಳಲು ಸಂಕೋಚವೇ. ಆದರೂ ಹೇಳಿದೆ, ಬರೆದಳು. ಡಾಕ್ಟರು ಅದೊಂದು ಹೆಸರಿಗೇ ಕೆಂಪು ಗೆರೆ ಹಾಕಿದರು! ಆ ಮಾತ್ರೆಯಿಂದ ಕಣ್ಣಿನ ಪಾಪೆ ಸರಿಯಾಗಿ ಅರಳದೆ, ಆಪರೇಷನ್ ನಡುವೆ ಸುತ್ತಲಿನ ಪರದೆ ಸಡಿಲವಾಗಿ ಅಲುಗಾಡಬಹುದಂತೆ. ಮೊದಲೇ ಗೊತ್ತಿದ್ದರೆ ಅದಕ್ಕೆ ಬೇಕಾದ ಸಿದ್ಧತೆ ಮಾಡಿಕೊಳ್ಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯ ವಿಷಯವೂ ಅಷ್ಟೇ: ಹೇಳಬೇಕು, ನಾವಾಗಿ ನಿಲ್ಲಿಸಬಾರದು.

ಆಮೇಲೆ ರೆಪ್ಪೆಗಳನ್ನು ಪರೀಕ್ಷಿಸಿದರು. ರೆಪ್ಪೆಯ ಅಂಚಿನಲ್ಲಿ ಹೊಟ್ಟು, ಕುರು, ಕೀವು ಇದ್ದರೆ ಮೊದಲು ಅದು ವಾಸಿಯಾಗಬೇಕು. ಇಲ್ಲದಿದ್ದರೆ ಸೋಂಕು ಕಣ್ಣೊಳಗೆ ಇಳಿಯಬಹುದು. ನನ್ನ ಕೆಳರೆಪ್ಪೆಯ ಹತ್ತಿರ ಒಂದು ಕಂದು ಗಂಟಿತ್ತು. "ಇದನ್ನ ಚರ್ಮದ ಡಾಕ್ಟರಿಗೆ ತೋರಿಸಿ ಬನ್ನಿ" ಎಂದರು.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮರುದಿನ ಚರ್ಮದ ಡಾಕ್ಟರಮ್ಮ ದೀಪವಿರುವ ಭೂತಗನ್ನಡಿ ಹಿಡಿದು ನೋಡಿ, ವಯಸ್ಸಿಗೆ ಬರುವ ನಿರಪಾಯದ ಗಂಟು ಎಂದರು. ಅಷ್ಟಕ್ಕೇ ಬಿಡಲಿಲ್ಲ. ಅಂಗಿ ತೆಗೆಸಿ ಬೆನ್ನು, ಅಂಗೈ, ಅಂಗಾಲು, ಉಗುರು ಎಲ್ಲ ನೋಡಿದರು. ಗಮನಿಸಬೇಕಾದ್ದನ್ನೂ ಹೇಳಿಕೊಟ್ಟರು: ವಾರಗಟ್ಟಲೆ ವಾಸಿಯಾಗದ ಹುಣ್ಣು, ಗಾತ್ರ, ಬಣ್ಣ, ಅಂಚು ಬದಲಾಗುವ ಅಥವಾ ರಕ್ತ ಒಸರುವ ಮಚ್ಚೆ, ಅಂಗಾಲಲ್ಲಿ ಇಲ್ಲವೇ ಉಗುರಿನಡಿ ಹೊಸದಾಗಿ ಕಂಡ ಕಪ್ಪು, ಮುಟ್ಟಿದರೆ ಗೊತ್ತಾಗದ, ಬಿಳಿಚಿದ ಅಥವಾ ಕೆಂಪಗಿನ ಮಚ್ಚೆ. ಕೊನೆಯದು ಕುಷ್ಠರೋಗದ ಗುರುತಿರಬಹುದು. ಆ ಹೆಸರಿಗೆ ಹೆದರಿ ಹಿರಿಯರು ಸೆರಗಿನಲ್ಲಿ, ಶಲ್ಯದಲ್ಲಿ ಮುಚ್ಚಿಕೊಳ್ಳುತ್ತಾರೆ. ಆದರೆ ಅದು ಮಾತ್ರೆಯಿಂದ ಪೂರ್ತಿ ಗುಣವಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ತಡಮಾಡಿದರೆ ಮಾತ್ರ ಕೈಕಾಲಿನ ನರಗಳು ಕೆಡುತ್ತವೆ.

ನಮ್ಮ ಬೆನ್ನು ನಮಗೆ ಕಾಣದು. ಮಂಡಿನೋವಿರುವವರಿಗೆ ಅಂಗಾಲೂ ಕಾಣದು. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗಾಯದ ನೋವೂ ತಿಳಿಯದೆ ಹೋಗಬಹುದು. ಆದ್ದರಿಂದ ಮಕ್ಕಳೇ, ಈ ಭಾನುವಾರ ಎರಡು ಕೆಲಸ ಮಾಡಿ. ಒಂದು, ಅಜ್ಜ-ಅಜ್ಜಿಯ ಮಾತ್ರೆಗಳ ಪಟ್ಟಿ ಬರೆದು ಅವರ ಚೀಟಿಗಳ ಜೊತೆ ಇಡಿ. ಎರಡು, ಅವರ ಅಂಗಾಲು ನೋಡಿ. ಏನಾದರೂ ಕಂಡರೆ ಅಪ್ಪ ಅಮ್ಮನಿಗೆ ಹೇಳಿ.

ಆಪರೇಷನ್ ಆದ ಮೇಲೂ ನಿಮಗೆ ಕೆಲಸವಿದೆ. ಹನಿ ಹಾಕುವ ಹೊತ್ತುಗಳನ್ನು ಗೋಡೆಗೆ ಅಂಟಿಸಿ, ಹಾಕಿದಾಗಲೆಲ್ಲ ಗುರುತು ಮಾಡಿ. ಹನಿ ಹಾಕುವವರು ಸೋಪಿನಿಂದ ಕೈ ತೊಳೆದಿರಬೇಕು, ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಅಜ್ಜ ಕಣ್ಣುಜ್ಜಲು ಹೋದರೆ ಗದರಿಸಿ, ನನ್ನ ಅಪ್ಪಣೆಯಿದೆ! ಯಾರಾದರೂ ಜೇನು, ಹರಳೆಣ್ಣೆ ಬಿಡಿ ಎಂದರೆ ಬೇಡ ಅನ್ನಿ. ನೋವು, ಕೆಂಪು ಹೆಚ್ಚಾದರೆ, ದೃಷ್ಟಿ ಮಸುಕಾಗುತ್ತ ಹೋದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಜ್ಜ-ಅಜ್ಜಿಯರಿಗೆ ಒಂದೇ ಮಾತು. ಮೊಮ್ಮಕ್ಕಳು ಪಟ್ಟಿ ಹಿಡಿದು ಬಂದಾಗ "ನಿನಗ್ಯಾಕೆ ಅದೆಲ್ಲ" ಎನ್ನಬೇಡಿ. ಇರುವುದನ್ನೆಲ್ಲ ಬರೆಸಿ.