ಕೋಟೆಯ ಕೆಳಗಿನ ಹುಡುಗಿ

ಅಮೆರಿಕದ ಸ್ಕಾಟ್ ಓಡೆಲ್ ಎಂಬ ಲೇಖಕನು ತರುಣ ವಾಚಕರಿಗೆಂದು ಬರೆದ 'ಸಾರಾ ಬಿಷಪ್' ಎಂಬ ಐತಿಹಾಸಿಕ ಕಾದಂಬರಿ 1980ರಲ್ಲಿ ಪ್ರಕಟವಾಯಿತು. ಆ ದೇಶದ ಸ್ವಾತಂತ್ರ್ಯ ಸಮರದ ಕಾಲದಲ್ಲಿ ಲಾಂಗ್ ಐಲೆಂಡ್ ಎಂಬ ದ್ವೀಪದಲ್ಲಿದ್ದ ಒಂದು ಒಕ್ಕಲು ಮನೆತನದ ಕಥೆ ಅದು. ತಂದೆ ಇಂಗ್ಲೆಂಡಿನ ದೊರೆಗೆ ನಿಷ್ಠ. ಮಗ ಬಂಡಾಯದ ಪಕ್ಷಕ್ಕೆ ಸೇರಿದವನು. ತಂದೆ ಬಂಡಾಯದವರ ಕೈಯಲ್ಲಿ ಸಾಯುತ್ತಾನೆ, ಮಗ ಆಂಗ್ಲರ ಸೆರೆಹಡಗಿನಲ್ಲಿ ಸಾಯುತ್ತಾನೆ. ಹೀಗೆ ಎರಡು ಪಕ್ಷಗಳೂ ಕೂಡಿ ಅನಾಥೆಯನ್ನಾಗಿಸಿದ ಸಾರಾ ಕಾಡಿಗೆ ಓಡಿ, ಒಂದು ಗುಹೆಯಲ್ಲಿ ಏಕಾಕಿಯಾಗಿ ಬದುಕು ಸಾಗಿಸುತ್ತಾಳೆ. ಅವಳು ಯಾವ ಕೋಟೆಯನ್ನೂ ಗೆಲ್ಲುವುದಿಲ್ಲ, ಯಾವ ಧ್ವಜವನ್ನೂ ಎತ್ತಿ ಹಿಡಿಯುವುದಿಲ್ಲ. ಒಂದು ಚಳಿಗಾಲವನ್ನು ದಾಟುತ್ತಾಳೆ. ಕಾದಂಬರಿಗೆ ಅಷ್ಟೇ ಸಾಕಾಗಿದೆ.

ಇಷ್ಟು ದೂರದ ಪುಸ್ತಕದ ಮಾತನ್ನು ಇಲ್ಲಿ ಎತ್ತಲು ಕಾರಣವಿದೆ. 1776ರಲ್ಲಿ ಲಾಂಗ್ ಐಲೆಂಡಿನಲ್ಲಿ ಕಾದಿದ ಆಂಗ್ಲ ಸೇನಾನಿಗಳಲ್ಲಿ ಕಾರ್ನ್‌ವಾಲಿಸನೂ ಒಬ್ಬ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಅವನೇ, ಹತ್ತು ವರ್ಷಗಳ ತರುವಾಯ, ಗವರ್ನರ್ ಜನರಲ್ ಆಗಿ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ನಮ್ಮ ಸೀಮೆಗೆ ಬಂದ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ಈ ನಾಲ್ಕು ತಾಲ್ಲೂಕುಗಳ ನೆಲವನ್ನು ಅವನ ಪಡೆ ತುಳಿಯಿತು. ಅಲ್ಲಿ ಯುದ್ಧದ ದಾರಿಗೆ ಸಿಕ್ಕ ಹುಡುಗಿಗೆ ಒಬ್ಬ ಕಾದಂಬರಿಕಾರ ದೊರೆತ. ಇಲ್ಲಿ ಅದೇ ದಾರಿಗೆ ಸಿಕ್ಕ ನಮ್ಮ ಹುಡುಗಿಯರಿಗೆ ಏನು ದೊರೆಯಿತು? ನಾನು ಕೇಳಬಯಸುವ ಪ್ರಶ್ನೆ ಇದು.

ಮೊದಲು ಸಂಗತಿಗಳನ್ನು ನೆನೆಯೋಣ. 1791ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆ ಆಂಗ್ಲರ ವಶವಾಯಿತು. ಮೇ ತಿಂಗಳ ಮೊದಲಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಕಡೆಗೆ ಹೊರಟಾಗ ಚನ್ನಪಟ್ಟಣದ ಹೆದ್ದಾರಿಯನ್ನು ಬಿಟ್ಟು ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಬಳಸು ದಾರಿಯನ್ನು ಹಿಡಿದ. ಶತ್ರುವಿಗೆ ಕಾಳು ಕಡ್ಡಿ ಸಿಕ್ಕಬಾರದೆಂದು ಸುಲ್ತಾನನು ಆ ದಾರಿಯ ಊರುಗಳನ್ನು ಹಾಳುಗೆಡವಿಸಿದನು. ಕಾನಕಾನಹಳ್ಳಿ ಹೀಗೆ ಎರಡು ಸಲ ಹಾಳಾಯಿತೆಂದು ಗೆಜೆಟಿಯರು ಹೇಳುತ್ತದೆ. ಮೇವಿಲ್ಲದೆ ಆಂಗ್ಲರ ಎತ್ತುಗಳು ಸಾವಿರಗಟ್ಟಲೆ ಸತ್ತವು. ಮುತ್ತಿಗೆಯ ಭಾರಿ ಫಿರಂಗಿಗಳನ್ನು ತಾವೇ ಒಡೆದುಹಾಕಿ ಅವರು ಹಿಂದಿರುಗಬೇಕಾಯಿತು. ಯುದ್ಧತಂತ್ರದ ದೃಷ್ಟಿಯಿಂದ ಇದು ಸುಲ್ತಾನನ ಜಯ. ಆದರೆ ಸುಟ್ಟ ಕಣಜ ಯಾರದು? ಬತ್ತಿಹೋದ ಹಟ್ಟಿ ಯಾರದು?

ಅದೇ ವರ್ಷದ ಡಿಸೆಂಬರಿನಲ್ಲಿ ದಂಡು ಮತ್ತೆ ಬಂದಿತು. ಈ ಬಾರಿ ಮಾಗಡಿಯ ಕಡೆಗೆ. ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಕೋಡುಗಳ ಸಾವನದುರ್ಗ, ಸುತ್ತಲೂ ದಟ್ಟವಾದ ಅಡವಿ, ಮೈಗೆ ಹತ್ತುವ ಕಾಡುಜ್ವರ. ಅದನ್ನು ಯಾರೂ ಹತ್ತಲಾರರೆಂಬ ನಂಬಿಕೆ. ಡಿಸೆಂಬರ್ 21ರಂದು ಹಾಡುಹಗಲಿನಲ್ಲಿ, ಒಂದು ಗಂಟೆಯೊಳಗಾಗಿ, ಆ ಕೋಟೆ ಬಿದ್ದಿತು. ರಾಮಗಿರಿ, ಶಿವಗಿರಿ, ಹುತ್ರಿದುರ್ಗಗಳು ಕೆಲವೇ ದಿನಗಳಲ್ಲಿ ಅದನ್ನು ಹಿಂಬಾಲಿಸಿದವು. ಡಿಸೆಂಬರೆಂದರೆ ಈ ಸೀಮೆಯಲ್ಲಿ ರಾಗಿ ಕೊಯ್ಲಿನ ಕಾಲ. ಹೊಲದಲ್ಲಿ ತೆನೆ ಬಾಗಿ ನಿಂತಿರುವಾಗ ಫಿರಂಗಿ ಬಂದಿತು ಎಂಬುದನ್ನು ದಂಡಿನ ದಿನಚರಿ ಹೇಳದಿದ್ದರೂ ಒಕ್ಕಲಿನ ಪಂಚಾಂಗ ಹೇಳುತ್ತದೆ.

ಈ ಯುದ್ಧದ ಇಬ್ಬರು ಮಕ್ಕಳ ಹೆಸರು ಲೋಕಕ್ಕೆಲ್ಲ ಗೊತ್ತು. ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಸುಲ್ತಾನನ ಮಕ್ಕಳು, 1792ರ ಫೆಬ್ರವರಿಯಲ್ಲಿ ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನ ಕೈ ಸೇರಿದಾಗ ಒಬ್ಬನಿಗೆ ಸುಮಾರು ಹತ್ತು ವರ್ಷ, ಮತ್ತೊಬ್ಬನಿಗೆ ಎಂಟು. ಆ ಪ್ರಸಂಗವನ್ನು ಎಷ್ಟೋ ಮಂದಿ ಚಿತ್ರಕಾರರು ಬರೆದರು. ದಂಡಿನ ಜೊತೆಗೇ ಇದ್ದ ರಾಬರ್ಟ್ ಹೋಮ್ ಅದನ್ನೂ ಬರೆದ, ಸಾವನದುರ್ಗ ರಾಮಗಿರಿಗಳ ಬಂಡೆಗಳನ್ನೂ ಬರೆದ. 1794ರಲ್ಲಿ ಅವನ ಮೈಸೂರು ದೃಶ್ಯಗಳ ಪುಸ್ತಕ ಹೊರಬಂದಿತು. ದೊರೆಯ ಮಕ್ಕಳು ಚಿತ್ರಕ್ಕೆ ಬಂದರು, ಬೆಟ್ಟಗಳು ಚಿತ್ರಕ್ಕೆ ಬಂದವು. ಬೆಟ್ಟದ ಕೆಳಗೆ ರಾಗಿ ಕೊಯ್ಯಬೇಕಾಗಿದ್ದ ಹುಡುಗಿಗೆ ಮಾತ್ರ ಪಟವೂ ಇಲ್ಲ, ಹೆಸರೂ ಇಲ್ಲ. ಚರಿತ್ರೆ ಕೈಬಿಟ್ಟ ಇಂಥವಳನ್ನು ಕೈಹಿಡಿದು ಕರೆತರುವುದು ಕಾದಂಬರಿಯ ಹೊಣೆ.

ನಮ್ಮ ಐತಿಹಾಸಿಕ ಕಾದಂಬರಿ ಬಡವಾದುದಲ್ಲ. ಮಾಸ್ತಿಯವರ 'ಚೆನ್ನಬಸವನಾಯಕ' ಮತ್ತು 'ಚಿಕವೀರ ರಾಜೇಂದ್ರ', ತರಾಸು ಅವರ ಚಿತ್ರದುರ್ಗದ ಕಾದಂಬರಿಗಳು ಯಾವ ಭಾಷೆಗಾದರೂ ಹೆಮ್ಮೆ ತರತಕ್ಕ ಕೃತಿಗಳು. ಆದರೆ ಅವುಗಳ ಕಣ್ಣು ಬಹುಮಟ್ಟಿಗೆ ಅರಮನೆಯಲ್ಲಿ, ಕೋಟೆಯ ಬತೇರಿಯ ಮೇಲೆ ನೆಟ್ಟಿರುತ್ತದೆ. ರಾಜ್ಯ ಹೇಗೆ ಕೆಡುತ್ತದೆ ಎಂಬುದು ಅವುಗಳ ಚಿಂತೆ. ಅದು ಹಿರಿಯರ ಚಿಂತೆ, ಹಿರಿಯರ ಓದು. ಇತ್ತ ಮಕ್ಕಳಿಗೆ ನಮ್ಮಲ್ಲಿ ಒಳ್ಳೆಯ ಪದ್ಯಗಳಿವೆ. ಮಕ್ಕಳ ಸಾಹಿತ್ಯಕ್ಕೆ ಅಷ್ಟು ದುಡಿದ ಜಿ. ಪಿ. ರಾಜರತ್ನಂ ಅವರು ಹುಟ್ಟಿದ್ದೇ ರಾಮನಗರದಲ್ಲಿ. ತುತ್ತೂರಿಯ ಪದ್ಯವನ್ನು ದಾಟಿ, 'ದುರ್ಗಾಸ್ತಮಾನ'ಕ್ಕೆ ಇನ್ನೂ ಕೈ ಎಟುಕದ, ಹದಿಮೂರು ಹದಿನಾಲ್ಕರ ವಯಸ್ಸಿನವರ ಕೈಗೆ ನಾವು ಏನು ಕೊಟ್ಟಿದ್ದೇವೆ? ಈ ನಡುವಿನ ಮೆಟ್ಟಿಲು ಸವೆದಿದೆ ಎನ್ನದೆ ವಿಧಿಯಿಲ್ಲ. ಮೆಟ್ಟಿಲಿಲ್ಲದೆಡೆ ಮಕ್ಕಳು ಓದಿನಿಂದಲೇ ಇಳಿದುಹೋಗುತ್ತಾರೆ. ಕಾಲೇಜಿನ ತರಗತಿಗೆ ಅವರು ಬರುವ ವೇಳೆಗೆ ಕನ್ನಡ ಕಾದಂಬರಿ ಅವರಿಗೆ ಪರೀಕ್ಷೆಯ ಪಠ್ಯವಾಗಿ ಮಾತ್ರ ಉಳಿದಿರುತ್ತದೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು. ನಮ್ಮ ಹೆಣ್ಣುಮಕ್ಕಳಿಗೆ ನಾವು ಹೇಳುವ ಚರಿತ್ರೆಯ ಹೆಣ್ಣುಗಳು ಯಾರು? ಒನಕೆ ಹಿಡಿದ ಓಬವ್ವ, ಕತ್ತಿ ಹಿಡಿದ ಕಿತ್ತೂರಿನ ಚೆನ್ನಮ್ಮ. ಇಲ್ಲವೆ ಕೆರೆಗೆ ಹಾರವಾದ ಭಾಗೀರಥಿ, ಕೆಂಪೇಗೌಡನ ಕೋಟೆಯ ಬಾಗಿಲು ನಿಲ್ಲಲೆಂದು ಪ್ರಾಣ ಕೊಟ್ಟಳೆಂದು ಐತಿಹ್ಯವಿರುವ ಸೊಸೆ ಲಕ್ಷ್ಮೀದೇವಿ. ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಈ ಸಾಲನ್ನು ಒಟ್ಟಾಗಿ ನೋಡಿದರೆ ಹೆಣ್ಣು ಕೊಂದರೆ ಹೆಸರು, ಸತ್ತರೆ ಹೆಸರು ಎಂಬ ಪಾಠವೊಂದು ತಾನೇ ತಾನಾಗಿ ಮೂಡುತ್ತದೆ. ಬದುಕಿದವಳಿಗೆ ನಮ್ಮ ಕಥೆಯಲ್ಲಿ ಜಾಗವಿಲ್ಲ. ನಾನು ಪಾಠ ಹೇಳುವ ಹೆಣ್ಣುಮಕ್ಕಳಲ್ಲಿ ಹಲವರು ಬೆಳಗಿನ ಹಾಲು ಕರೆದು, ರೇಷ್ಮೆಹುಳುವಿಗೆ ಸೊಪ್ಪು ಹಾಕಿ, ಬಸ್ಸು ಹಿಡಿದು ಬರುವವರು. ಓಬವ್ವನ ಒನಕೆ ಅವರಿಗೆ ಅಭಿಮಾನದ ಸಂಗತಿ. ಆದರೆ ಅವರ ನಿತ್ಯದ ಧೈರ್ಯಕ್ಕೆ ಕನ್ನಡಿ ಬೇರೆ ಬೇಕು. ನಾಳೆ ಬೆಳಗಿನವರೆಗೆ ಜೀವ ಹಿಡಿದುಕೊಂಡಿರುವುದೂ ಒಂದು ಶೌರ್ಯವೆಂದು ಹೇಳುವ ಪುಸ್ತಕ ಅವರಿಗೆ ಬೇಕು.

ಅಂಥ ಕಾದಂಬರಿಗೆ ಬೇಕಾದ ಸಾಮಗ್ರಿ ಈ ನೆಲದಲ್ಲಿ ಹೇರಳವಾಗಿದೆ. ಫ್ರಾನ್ಸಿಸ್ ಬುಕನನ್ 1800ರಲ್ಲಿ ಈ ಸೀಮೆಯನ್ನು ಸುತ್ತಿ ಕಂಡುದನ್ನೆಲ್ಲ ಬರೆದಿಟ್ಟಿದ್ದಾನೆ. ಮಾಗಡಿಯ ಕಡೆ ಕಬ್ಬಿಣ ಕರಗಿಸುವ ಕುಲುಮೆಗಳು. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ, ದೂರದ ಪ್ರಾಂತಗಳಿಗೂ ಹೋಗುತ್ತಿದ್ದ ಉಕ್ಕಿನ ತಂತಿ. ಆ ತಂತಿ ಎಳೆಯುವವನ ಮಗಳನ್ನೇ ನಾಯಕಿಯಾಗಿ ಭಾವಿಸಬಹುದು. ದಂಡು ಬರುವ ಸುದ್ದಿಗೆ ಊರು ಗುಳೆ ಎದ್ದಾಗ ಅವಳು ತನ್ನವರಿಂದ ಅಗಲುತ್ತಾಳೆ. ಮುಂದೆ ಅವಳನ್ನು ಉಳಿಸುವುದು ಪವಾಡವಲ್ಲ, ಅವ್ವನಿಂದ ಅಜ್ಜಿಯಿಂದ ಕಲಿತ ತಿಳಿವಳಿಕೆ. ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲವೆಂದು ಅವಳು ಬಲ್ಲಳು. ನೆಲದೊಳಗಿನ ಹಗೇವು ಮೇಲಿನ ಬೆಂಕಿಗೂ ಸವಾರನ ಕಣ್ಣಿಗೂ ಸಿಕ್ಕದೆ ಉಳಿಯಬಹುದು. ಆದರೆ ಮುಚ್ಚಿದ ಹಗೇವಿನೊಳಕ್ಕೆ ಥಟ್ಟನೆ ಇಳಿದವರು ಉಸಿರುಗಟ್ಟಿ ಸಾಯುತ್ತಾರೆ, ಬಾಯಿ ತೆರೆದು ಗಾಳಿಯಾಡಲು ಬಿಟ್ಟು ಕಾಯಬೇಕು. ಹಸಿದ ಹುಡುಗಿ ತೆರೆದ ಹಗೇವಿನ ಅಂಚಿನಲ್ಲಿ ಕುಳಿತು ಕಾಯುವ ಆ ಹೊತ್ತು, ಯಾವ ಕೋಟೆಯ ಮುತ್ತಿಗೆಗೆ ಕಡಮೆ? ಅಣ್ಣೆಸೊಪ್ಪು, ಹುಣಸೆಯ ಚಿಗುರು, ಕಾರೆಹಣ್ಣು, ಎಲಚಿಹಣ್ಣು. ಬಂಡೆಯ ದೊಣೆಯಲ್ಲಿ ನಿಂತ ಮಳೆನೀರು. ಕರಡಿ ಯಾವ ಗವಿಯಲ್ಲಿ ಮಲಗುತ್ತದೆಂಬ ಅರಿವು. ಹೊಗೆ ಕಾಣದಂತೆ ಒಲೆ ಹೂಡುವ ಜಾಣ್ಮೆ. ನಮ್ಮ ಹಳ್ಳಿಯ ಮುದುಕಿಯರ ನಾಲಗೆಯ ಮೇಲೆ ಈ ವಿದ್ಯೆ ಅಷ್ಟಿಷ್ಟು ಇನ್ನೂ ಉಳಿದಿದೆ. ಕಾದಂಬರಿಕಾರನು ಗ್ರಂಥಾಲಯಕ್ಕೆ ಹೋದಷ್ಟೇ ಶ್ರದ್ಧೆಯಿಂದ ಅವರ ಜಗುಲಿಗೂ ಹೋಗಬೇಕು.

ಆಕ್ಷೇಪಗಳಿಲ್ಲದಿಲ್ಲ. ಟಿಪ್ಪುವಿನ ಹೆಸರೆತ್ತಿದರೆ ಇಂದು ಜಗಳ. 2015ರಲ್ಲಿ ಸರ್ಕಾರ ಆರಂಭಿಸಿದ ಅವನ ಜಯಂತಿ 2019ರಲ್ಲಿ ನಿಂತಿತು. ವಾದ ಮಾತ್ರ ನಿಲ್ಲಲಿಲ್ಲ. ಇಂಥದರಲ್ಲಿ ಎಳೆಯರನ್ನು ಎಳೆಯುವುದೇಕೆ ಎಂದು ಕೇಳುವವರುಂಟು. ನನಗೆ ತೋರುವಂತೆ, ಈ ಜಗಳದಿಂದ ಹೊರಗೆ ನಿಂತು ಆ ಕಾಲವನ್ನು ನೋಡಲು ಗುಡಿಸಲಿನ ಬಾಗಿಲಿಗಿಂತ ಒಳ್ಳೆಯ ಸ್ಥಳವಿಲ್ಲ. ಕಣಜಕ್ಕೆ ಬೆಂಕಿ ಇಟ್ಟವನು ತನ್ನ ದೊರೆಯ ಸವಾರ. ಉಳಿದ ಮೇವನ್ನು ಹೊತ್ತವನು ಪರದೇಶದ ಸಿಪಾಯಿ. ಹುಡುಗಿ ಇಬ್ಬರಿಗೂ ಹೆದರಿದಳು. ಇಬ್ಬರಲ್ಲಿಯೂ ಒಬ್ಬೊಬ್ಬ ಮನುಷ್ಯನು ಎಂದೋ ಒಂದು ದಿನ ಒಂದು ಹಿಡಿ ಅಕ್ಕಿಯನ್ನು ಅವಳ ಸೆರಗಿಗೆ ಹಾಕಿರಲೂಬಹುದು. ಲೇಖಕನು ದೊರೆಯ ಪರ ವಕಾಲತ್ತು ಹಿಡಿಯದೆ, ದೊರೆಯ ಮೇಲೆ ಫಿರ್ಯಾದೂ ಹೂಡದೆ, ಅವಳ ಹಸಿವಿಗೆ ಪ್ರಾಮಾಣಿಕನಾಗಿದ್ದರೆ ಸಾಕು. ಸತ್ಯ ಅಲ್ಲಿಂದಲೇ ಹೊರಡುತ್ತದೆ.

ಯುದ್ಧದಲ್ಲಿ ಹೆಣ್ಣಿಗೆ ಒದಗುವ ಕ್ರೌರ್ಯವನ್ನು ಎಳೆಯರ ಪುಸ್ತಕದಲ್ಲಿ ಹೇಗೆ ಹೇಳುವುದು ಎಂಬುದು ಎರಡನೆಯ ಆಕ್ಷೇಪ. ಅದನ್ನು ಪೂರ್ತಿಯಾಗಿ ಮರೆಮಾಚಿದರೆ ಪುಸ್ತಕ ಸುಳ್ಳಾಗುತ್ತದೆ. ಚಪ್ಪರಿಸಿ ಹೇಳಿದರೆ ಪಾಪವಾಗುತ್ತದೆ. ದಂಡಿನ ಗುಡಾರಗಳ ಬೆಳಕು ಕಂಡೊಡನೆ ಅವಳು ಏಕೆ ಕೂದಲು ಕತ್ತರಿಸಿಕೊಂಡಳು, ಏಕೆ ಮುಖಕ್ಕೆ ಮಸಿ ಬಳಿದುಕೊಂಡಳು ಎಂದು ಹೇಳಿದರೆ ಹದಿನಾಲ್ಕರ ಓದುಗಳಿಗೆ ಅರ್ಥವಾಗುತ್ತದೆ. ಎಳೆಯರು ನಾವೆಣಿಸುವಷ್ಟು ಅರಿಯದವರಲ್ಲ. ಸಂಯಮವುಳ್ಳ ಲೇಖಕನಿಗೆ ಅವರು ಒಳ್ಳೆಯ ಸಹೃದಯರು.

ಕಥೆಯ ಕೊನೆ ಏನಾಗಬೇಕು? ಅದನ್ನೂ ಚರಿತ್ರೆಯೇ ಸೂಚಿಸುತ್ತದೆ. 1799ರಲ್ಲಿ ಹ್ಯಾರಿಸನ ದಂಡು ಅದೇ ಕಾನಕಾನಹಳ್ಳಿಯ ದಾರಿಯಲ್ಲಿ ಮತ್ತೆ ಹೋಯಿತು, ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷ, 1800ರಲ್ಲಿ, ದಿವಾನ್ ಪೂರ್ಣಯ್ಯನವರು ಹೆದ್ದಾರಿಯ ಪಕ್ಕದ ಕಾಡು ಕಡಿಸಿ ಒಂದು ಪೇಟೆ ಕಟ್ಟಿಸಿದರು. ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಲ್ಲಿ ಅದು ಕ್ಲೋಸ್‌ಪೇಟೆಯಾಯಿತು. ಇಂದಿನ ರಾಮನಗರ ಅದೇ. 1791ರಲ್ಲಿ ಹನ್ನೆರಡು ವರ್ಷದವಳಾಗಿದ್ದ ಹುಡುಗಿಗೆ ಆಗ ಇಪ್ಪತ್ತೊಂದು. ಹೊಸ ಪೇಟೆಯಲ್ಲಿ ಮೊದಲು ಒಲೆ ಹೂಡಿದವರಲ್ಲಿ ಅವಳೂ ಒಬ್ಬಳೆಂದು ಬರೆದರೆ ಯಾವ ಗೆಜೆಟಿಯರೂ ಅಲ್ಲಗಳೆಯಲಾರದು. ಆ ಪೇಟೆಯನ್ನು ಹಾದುಹೋದ ಪ್ರವಾಸಿಗಳು ಅವಳ ಮನೆಯ ಮುಂದೆಯೇ ನಡೆದಿದ್ದರೂ ಅವಳನ್ನು ಏನೂ ಕೇಳಿರಲಾರರು. ಇಂದು ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತರುವ ಅವಳ ಮೊಮ್ಮಕ್ಕಳ ಮೊಮ್ಮಕ್ಕಳು ಓದು ಬಲ್ಲವರು. ಅವರಲ್ಲೊಬ್ಬಳು ಕೇಳಲಿ, ಕೇಳಿ ಬರೆಯಲಿ ಎಂಬುದು ನನ್ನ ಆಸೆ.