ಲೈಟ್ ಆರಿಸಿದ್ರ ಏರ್‌ಬ್ಯಾಗ್ ರಿಪೇರಿ ಆತೇನು?

ಭಾಗ 1
ದೋಸ್ತರ, ಮೊನ್ನೆ ಹಾರ್ನ್ ಹೊಡಿಯವಲ್ದು ಅಂತ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂತು. ಸ್ಟೇರಿಂಗ್ ನಡುವಿನ ಪ್ಯಾಡ್ ತಗದು ನೋಡಿದ್ರ ಒಳಗ ಏರ್‌ಬ್ಯಾಗೇ ಇಲ್ಲ! ಬರೇ ಕವರ್. ಹಳದಿ ಕನೆಕ್ಟರಿಗೆ ಎರಡು ರೂಪಾಯಿ ರೆಸಿಸ್ಟರ್ ಸಿಗಿಸಿ ಟೇಪ್ ಸುತ್ಯಾರ. ಗಾಡಿ ಕಂಪ್ಯೂಟರಿಗೆ "ಏರ್‌ಬ್ಯಾಗ್ ಐತಿ" ಅಂತ ಸುಳ್ಳು ಹೇಳಾಕ. ಮಾಲಕರು ಅದರಾಗ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿ ಬರತಿದ್ರು.

ಇದನ್ನ ಮಾಡಿದವ್ರು ಕಳ್ಳರಲ್ಲ. ನಮ್ಮಂಗ ಪಾನಾ ಹಿಡಿದು ಕೆಲಸ ಕಲ್ತವ್ರ. ನನಗ ಸಿಟ್ಟು ಬಂದಿದ್ದು ಅದಕ್ಕ.

ಭಾಗ 2
ಮೊದಲ ಒಳಗ ಏನಿರತೈತಿ ನೋಡ್ರಿ. ಹೊರಗಿನ ಕವರಿನ ಹಿಂದ ತೆಳ್ಳಗಿನ ಗೆರೆ ಕೊರೆದಿರತಾರ, ಒಡಿಯೋ ಹೊತ್ತಿಗೆ ಅಲ್ಲೇ ಸೀಳಬೇಕಂತ. ಅದರ ಕೆಳಗ ಲೆಕ್ಕಾಚಾರದಿಂದ ಮಡಚಿದ ನೈಲಾನ್ ಚೀಲ. ಅದರ ಕೆಳಗ ಇನ್‌ಫ್ಲೇಟರ್: ಲೋಹದ ಡಬ್ಬಿ, ಒಳಗ ಗ್ಯಾಸ್ ಹುಟ್ಟಿಸೋ ರಾಸಾಯನಿಕ, ಅದಕ್ಕ ಕಿಡಿ ಕೊಡೋ ಸ್ಕ್ವಿಬ್. ಸೆನ್ಸಾರ್ ಡಿಕ್ಕಿ ಗುರುತಿಸಿ ಕರೆಂಟ್ ಬಿಟ್ಟ ಮ್ಯಾಲೆ ಸುಮಾರು 30 ಮಿಲಿಸೆಕೆಂಡಿನಾಗ ಚೀಲ ತುಂಬತೈತಿ. ಕಣ್ಣು ಮಿಟುಕಿಸೋದರೊಳಗ ಕೆಲಸ ಮುಗಿದಿರತೈತಿ.

ತಿರುಗೋ ಸ್ಟೇರಿಂಗಿಗೆ ಕರೆಂಟ್ ಹೆಂಗ ಹೋಗತೈತಿ? ಕ್ಲಾಕ್ ಸ್ಪ್ರಿಂಗ್. ಸುರುಳಿ ಸುತ್ತಿದ ಪಟ್ಟಿ ಕೇಬಲ್. ಹಾರ್ನ್ ಬಂದ್, ಏರ್‌ಬ್ಯಾಗ್ ಲೈಟ್ ಚಾಲೂ, ಎರಡೂ ಕೂಡೇ ಆದ್ರ ಮೊದಲ ಇದರ ಮ್ಯಾಲೆ ಸಂಶಯ ಪಡ್ರಿ. ಗಾಲಿ ನೆಟ್ಟಗ ಇಟ್ಟು, ಸ್ಪ್ರಿಂಗ್ ನಡುವಿಗೆ ತಂದು ಕೂರಿಸಲಿಲ್ಲಂದ್ರ ಪೂರ್ತಿ ತಿರುವಿದಾಗ ಹರಿದು ಹೋಗತೈತಿ.

ಭಾಗ 3
ಬಿಚ್ಚೋ ಮುಂದ ಅವಸರ ಬ್ಯಾಡ. ಬ್ಯಾಟರಿ ವೈರ್ ತಗದ್ರೂ ಕಂಪ್ಯೂಟರಿನ ಕೆಪಾಸಿಟರಿನಾಗ ಕರೆಂಟ್ ಉಳಿದಿರತೈತಿ. ಆ ಗಾಡಿ ಮ್ಯಾನುಯಲ್ ಎಷ್ಟು ನಿಮಿಷ ಕಾಯಿರಿ ಅನ್ನತೈತೋ ಅಷ್ಟು ಕಾಯಿರಿ, ಚಾ ಕುಡಿದು ಬರ್ರಿ. ಸ್ಕ್ವಿಬ್ಬಿಗೆ ಮಲ್ಟಿಮೀಟರ್ ಹಚ್ಚಬ್ಯಾಡ್ರಿ, ಮೀಟರಿನ ಸಣ್ಣ ಕರೆಂಟಿಗೂ ಒಡಿಯಬಹುದು. ತಗದ ಮಾಡ್ಯೂಲನ್ನ ಕವರ್ ಮ್ಯಾಲೆ ಮಾಡಿ ಇಡ್ರಿ. ಬೋರಲ ಇಟ್ಟಾಗ ಒಡದ್ರ ಲೋಹದ ಡಬ್ಬಿನೇ ಮ್ಯಾಲೆ ಹಾರತೈತಿ. ಒಮ್ಮೆ ಒಡದದ್ದನ್ನ ಮತ್ತ ಮಡಚಿ ಹಾಕೋ ದಾರಿ ಇಲ್ಲ, ಹೊಸಾದೇ ಆಗಬೇಕು.

"ಗುಜರಿಯಾಗ ಸಸ್ತಾ ಸಿಗತೈತಿ" ಅಂತೀರಿ. ಟಕಾಟಾ ಹೆಸರು ಕೇಳೀರಿ? ಜಪಾನಿನ ಕಂಪನಿ. ಅವರ ಇನ್‌ಫ್ಲೇಟರಿನ ಅಮೋನಿಯಂ ನೈಟ್ರೇಟ್ ಸೆಕಿ, ತೇವಕ್ಕ ವರ್ಷಾನುಗಟ್ಟಲೆ ಕೆಟ್ಟು, ಒಡದಾಗ ಡಬ್ಬಿನೇ ಚೂರಾಗಿ ಮಂದಿ ಸತ್ರು. 2017ರಾಗ ಕಂಪನಿ ದಿವಾಳಿ ಆತು. ಹೋಂಡಾ, ಟೊಯೋಟಾದಂಥವ್ರು ನಮ್ಮ ದೇಶದಾಗೂ ಗಾಡಿ ವಾಪಸ್ ಕರೆದು ಬಿಟ್ಟಿ ಬದಲಿ ಮಾಡಿ ಕೊಟ್ರು. ಯಾವ ಗಾಡೀದು, ಎಷ್ಟು ಹಳೇದು ಗೊತ್ತಿಲ್ಲದ ಗುಜರಿ ಮಾಲನ್ನ ಗಿರಾಕಿ ಎದಿ ಮುಂದ ಕೂರಿಸತೀರೇನು?

ಭಾಗ 4
ಈಗ ನಿಮ್ಮ ವಾದಕ್ಕ ಬರ್ತೀನಿ. "ಹೊಸಾದು ತುಟ್ಟಿ, ಗಿರಾಕಿ ಕಡೆ ರೊಕ್ಕ ಇಲ್ಲ." ಖರೆ, ತುಟ್ಟಿ ಐತಿ, ನಾನೂ ಒಪ್ಪತೀನಿ. ಹಂಗಾದ್ರ ಲೈಟ್ ಹತ್ತೇ ಇರಲಿ! ಬಿಲ್ಲಿನ ಮ್ಯಾಲೆ "ಏರ್‌ಬ್ಯಾಗ್ ಇಲ್ಲ" ಅಂತ ಬರೀರಿ. ರಿಪೇರಿ ಮಾಡಿಸದೇ ಇರೋದು ಅವರ ಇಚ್ಛಾ. ಆದ್ರ ಲೈಟ್ ಆರಿಸಿ ಕೊಟ್ರ, ನಾಳೆ ಆ ಗಾಡಿ ಕೊಳ್ಳೋ ಇನ್ನೊಬ್ಬನಿಗೆ ನೀವು ಮೋಸ ಮಾಡಿದಂಗ.

"ನಮ್ಮೂರ ರೋಡಿಗೆ ಯಾಕ ಬೇಕೋ?" ಅನ್ನೋರೂ ಅದಾರ. ಕಡಲಿ ಸುಗ್ಗ್ಯಾಗ ರಾತ್ರಿ ಗದಗ ರೋಡಿಗೆ ಹೋಗಿ ನೋಡ್ರಿ, ಹಿಂದ ಲೈಟೇ ಇಲ್ಲದ ಟ್ರಾಲಿ ಎಷ್ಟು ಅದಾವಂತ. ಡ್ರೈವರ್ ಏರ್‌ಬ್ಯಾಗ್ 1 ಜುಲೈ 2019ರಿಂದ ಹೊಸ ಕಾರಿಗೆಲ್ಲ ಕಡ್ಡಾಯ. ಕಾನೂನು ಶೋರೂಮಿನ ತನಕ ಕಾಯತೈತಿ, ಅದರ ಮುಂದ ಗಾಡಿ ನಮ್ಮ ಕೈಯಾಗ. ಹಾಂ, ಬೆಲ್ಟ್ ಹಾಕದೇ ಏರ್‌ಬ್ಯಾಗ್ ನಂಬಬ್ಯಾಡ್ರಿ, ಅದು ಬೆಲ್ಟಿನ ಜೋಡಿಗೆ ಇರೋದು. ಎದಿ, ಸ್ಟೇರಿಂಗ್ ನಡುವ ಒಂದು ಗೇಣಿಗಿಂತ ಜಾಸ್ತಿ, 25 ಸೆಂಟಿಮೀಟರ್ ಜಾಗ ಇರಲಿ.

ನಾಳೆ ಮುಂಜಾನೆ ಮನಿ ಗಾಡಿ ಕೀ ಆನ್ ಮಾಡಿ ನೋಡ್ರಿ. ಏರ್‌ಬ್ಯಾಗ್ ಲೈಟ್ ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತೇ ಉಳಿದ್ರ ದೋಷ ಐತಿ. ಹತ್ತಲೇ ಇಲ್ಲಂದ್ರ ಬಲ್ಬ್ ಯಾರೋ ಕಿತ್ತಿರಬಹುದು. ರೆಸಿಸ್ಟರ್ ಹಾಕಿದ್ರ ಮಾತ್ರ ಲೈಟ್ ಬರೋಬ್ಬರಿ ಹತ್ತಿ ಆರತೈತಿ, ಅದಕ್ಕ ಸೆಕೆಂಡ್ ಹ್ಯಾಂಡ್ ಕೊಳ್ಳೋ ಮುಂದ ಗೊತ್ತಿದ್ದವ್ರ ಕಡೆ ಪ್ಯಾಡ್ ತಗಿಸಿ ನೋಡ್ರಿ. ನಿಮ್ಮ ಗಾಡ್ಯಾಗ ಏನಾತು, ಕಮೆಂಟಿನಾಗ ಬರೀರಿ.