ಕಡಲವಿಜ್ಞಾನದ ಮೇಷ್ಟ್ರು ಮತ್ತು ನಮ್ಮ ಮಕ್ಕಳ ಓದು

ಸಂಘದ ಕಾರ್ಯಕ್ರಮಗಳಲ್ಲಿ ವೈದ್ಯರಾದ ನಮ್ಮನ್ನು ಬಂಧುಗಳು ಕೇಳುವ ಪ್ರಶ್ನೆಗಳು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗಷ್ಟೇ ಸೀಮಿತವಲ್ಲ. "ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ಬರುತ್ತಿದೆ ಡಾಕ್ಟ್ರೇ, ಆದರೆ ಮಗಳು ಅನಿಮೇಷನ್ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ನೀವಾದರೂ ಸ್ವಲ್ಪ ಬುದ್ಧಿ ಹೇಳಿ" ಎಂಬ ಕೋರಿಕೆಯೂ ಈಚೆಗೆ ಹೆಚ್ಚುತ್ತಿದೆ. ಬುದ್ಧಿ ಹೇಳುವ ಬದಲು ಒಬ್ಬರ ಓದಿನ ಕಥೆಯನ್ನು ಇಲ್ಲಿ ಹೇಳಬಯಸುತ್ತೇವೆ.

ನಮ್ಮ ಮಕ್ಕಳೆಲ್ಲ ನೋಡಿ ನಕ್ಕಿರುವ 'ಸ್ಪಾಂಜ್‌ಬಾಬ್ ಸ್ಕ್ವೇರ್‌ಪ್ಯಾಂಟ್ಸ್' ಧಾರಾವಾಹಿಯ ಸೃಷ್ಟಿಕರ್ತ ಸ್ಟೀಫನ್ ಹಿಲೆನ್‌ಬರ್ಗ್ ಹುಟ್ಟಿದ್ದು 1961ರಲ್ಲಿ, ಒಕ್ಲಹೋಮ ರಾಜ್ಯದಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯದ ಆರೆಂಜ್ ಕೌಂಟಿಯಲ್ಲಿ. ತಾಯಿ ದೃಷ್ಟಿದೋಷವುಳ್ಳ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಕ್ಷಕಿ. ಜಾಕ್ ಕೂಸ್ತೋ ಅವರ ಸಮುದ್ರದಾಳದ ಚಿತ್ರಗಳು ಬಾಲಕನನ್ನು ಸೆಳೆದವು. ಚಿತ್ರ ಬರೆಯುವ ಗೀಳೂ ಜೊತೆಗಿತ್ತು. ಹಂಬೋಲ್ಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಾಗರ ಸಂಪನ್ಮೂಲಗಳಿಗೆ ಒತ್ತುಕೊಟ್ಟು ಓದಿ, ಚಿತ್ರಕಲೆಯನ್ನು ಉಪವಿಷಯವಾಗಿ ಉಳಿಸಿಕೊಂಡು, 1984ರಲ್ಲಿ ಅವರು ಪದವಿ ಪಡೆದರು.

ಬಳಿಕ ಡೇನಾ ಪಾಯಿಂಟಿನ ಸಾಗರ ಅಧ್ಯಯನ ಸಂಸ್ಥೆಯೊಂದರಲ್ಲಿ ಶಿಕ್ಷಕರಾದರು. ಉಬ್ಬರವಿಳಿತಗಳ ನಡುವಣ ತೀರದಲ್ಲಿ ಬದುಕುವ ಜೀವಿಗಳ ಪರಿಚಯಕ್ಕೆಂದು 'ದಿ ಇಂಟರ್‌ಟೈಡಲ್ ಝೋನ್' ಎಂಬ ಚಿತ್ರಕಥೆಯನ್ನು ತಾವೇ ಬರೆದರು. ಅದರ ನಿರೂಪಕ ಒಂದು ಸ್ಪಂಜು, ಹೆಸರು ಬಾಬ್. ಮುಂದೆ ಮನೆಮಾತಾದ ಪಾತ್ರದ ಬೀಜವಿದ್ದದ್ದು ಈ ಪಾಠದ ಪುಸ್ತಕದಲ್ಲಿ. ಅನಂತರ ಶಿಕ್ಷಕವೃತ್ತಿಯನ್ನು ಬಿಟ್ಟು, 1989ರಲ್ಲಿ ಕ್ಯಾಲಿಫೋರ್ನಿಯ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್ ಸೇರಿ, 1992ರಲ್ಲಿ ಪ್ರಾಯೋಗಿಕ ಅನಿಮೇಷನ್ನಿನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಧಾರಾವಾಹಿ ತೆರೆಗೆ ಬಂದದ್ದು 1999ರಲ್ಲಿ. ಆಗ ಅವರ ವಯಸ್ಸು ಮೂವತ್ತೇಳು.

ನಮ್ಮಲ್ಲಿ ಅನೇಕರು ಈ ಹಾದಿಯನ್ನು ಕಂಡು "ಅಷ್ಟು ವರ್ಷದ ವಿಜ್ಞಾನದ ಓದು ವ್ಯರ್ಥವಾಯಿತಲ್ಲ" ಎಂದಾರು. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧ. ಸ್ಪಂಜು, ನಕ್ಷತ್ರಮೀನು, ಏಡಿ, ಪ್ಲಾಂಕ್ಟನ್‌ಗಳನ್ನು ಪಾತ್ರವಾಗಿಸುವ ಸಲುಗೆ ಬಂದದ್ದು ಆ ಓದಿನಿಂದಲೇ. ಕನ್ನಡಿಗರಿಗೆ ಇದು ಹೊಸದೂ ಅಲ್ಲ: ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು 'ಹಸುರು ಹೊನ್ನು' ಕೃತಿಗೆ ತಮ್ಮ ಕೈಯಿಂದಲೇ ಚಿತ್ರ ಬರೆದರು. ಅಲ್ಲಿ ವಿಜ್ಞಾನ ಯಾವುದು, ಕಲೆ ಯಾವುದು ಎಂದು ಗೆರೆ ಎಳೆಯುವವರಾರು?

ಪಿಯುಸಿ ಮುಗಿಸಿ ನೇರವಾಗಿ ಎಂಬಿಬಿಎಸ್ ಸೇರಿದ ಪೀಳಿಗೆ ನಮ್ಮದು. ಆ ದಾರಿ ನಮಗೆ ಅನ್ನ ಕೊಟ್ಟಿದೆ. ಅದರ ಬಗ್ಗೆ ಕೃತಜ್ಞತೆಯಿದೆ. ಆದರೆ ಹದಿನೇಳಕ್ಕೇ ಬದುಕು ನಿಶ್ಚಯವಾಗಬೇಕೆಂಬ ಆ ಲೆಕ್ಕವನ್ನು ಅಮೆರಿಕಕ್ಕೂ ಹೊತ್ತು ತರಬೇಕಿಲ್ಲ. ಇಲ್ಲಿ ವೈದ್ಯರಾಗಬಯಸುವವರೂ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ ಪಡೆಯುತ್ತಾರೆ. ಅಗತ್ಯ ವಿಜ್ಞಾನ ವಿಷಯಗಳನ್ನು ಪೂರೈಸಿದರೆ, ಚಿತ್ರಕಲೆಯನ್ನೇ ಮುಖ್ಯವಾಗಿ ಓದಿದವರೂ ವೈದ್ಯಕೀಯಕ್ಕೆ ಅರ್ಜಿ ಹಾಕಬಹುದು.

ಪೋಷಕರ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕಲಾಶಾಲೆಗಳ ಶುಲ್ಕ ದೊಡ್ಡದು, ಸಾಲದ ಭಾರ ನಿಜ, ಎಲ್ಲರೂ ಹಿಲೆನ್‌ಬರ್ಗ್ ಆಗುವುದೂ ಇಲ್ಲ. ಆದ್ದರಿಂದಲೇ ಮಕ್ಕಳನ್ನು ಎರಡು ಪ್ರಶ್ನೆ ಕೇಳೋಣ. ಯಾರೂ ಹೇಳದೆ, ಅಂಕದ ಆಸೆಯಿಲ್ಲದೆ ನೀನು ಬರೆದದ್ದನ್ನು ತೋರಿಸುವೆಯಾ? ಚಿತ್ರದ ಹೊರಗೆ ನಿನಗೆ ಆಳವಾಗಿ ಗೊತ್ತಿರುವ, ಗೊತ್ತುಮಾಡಿಕೊಳ್ಳುವ ಆಸೆಯಿರುವ ಲೋಕ ಯಾವುದು? ಈ ಎರಡಕ್ಕೂ ಉತ್ತರವಿದ್ದರೆ ಮಗುವಿನ ಹಟವನ್ನು ಗೌರವಿಸಬೇಕು. ಉತ್ತರ ಇನ್ನೂ ಸ್ಪಷ್ಟವಿಲ್ಲದಿದ್ದರೆ ಪದವಿಯ ಜೊತೆಗೆ ಕಲೆಯನ್ನು ಉಪವಿಷಯವಾಗಿ ಓದಲಿ. ಹಿಲೆನ್‌ಬರ್ಗ್ ಮಾಡಿದ್ದೂ ಅದನ್ನೇ.

2017ರಲ್ಲಿ ತಮಗೆ ಎಎಲ್ಎಸ್ ಇರುವುದನ್ನು ತಿಳಿಸಿದ ಅವರು, ಸಾಧ್ಯವಿರುವಷ್ಟು ಕಾಲ ಕೆಲಸ ಮುಂದುವರಿಸುವುದಾಗಿ ಹೇಳಿದರು. ಮರುವರ್ಷ, ಐವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಸ್ನಾಯುಗಳ ಬಲವನ್ನು ಒಂದೊಂದಾಗಿ ಕಸಿಯುವ ಆ ರೋಗದ ಕ್ರೌರ್ಯವನ್ನು ವೈದ್ಯರಾದ ನಾವು ಬಲ್ಲೆವು. ಅಂಥ ಹೊತ್ತಿನಲ್ಲೂ ಬಿಡಲು ಮನಸ್ಸಾಗದ ಕೆಲಸವೊಂದು ನಮ್ಮ ಮಕ್ಕಳಿಗೂ ದೊರೆಯಲಿ. ಅದು ಸ್ಟೆತಸ್ಕೋಪೋ ಪೆನ್ಸಿಲ್ಲೋ ಎಂಬುದು ಆಮೇಲಿನ ಮಾತು.